ನಾಲ್ಕು ಬೆರಳುದ್ದದ ಮೀನಿನ ಅರ್ಜಿ

ನಮ್ಮ ಸಾಹೇಬರ ಅಂಗಿಯ ತೋಳಿಗೆ ಯಾವಾಗಲೂ ಒಂದೆರಡು ಮೀನಿನ ಹುರುಪೆ ಅಂಟಿಕೊಂಡಿರುತ್ತಿತ್ತು. ಕಚೇರಿಗೆ ಹೋಗುವ ವಿಲ್ಲಿಂಗ್ಡನ್ ಐಲ್ಯಾಂಡಿನ ದೋಣಿಯಲ್ಲಿ ಅವರ ಪಕ್ಕ ಯಾರೂ ಕೂರುತ್ತಿರಲಿಲ್ಲ. ಮೀನು ಮುಟ್ಟದ, ಮೈಸೂರಿನ ಪುಳಿಚಾರಿನವನಾದ ನಾನಂತೂ ಮೊದಮೊದಲು ದೂರವೇ ಇದ್ದೆ.

ಅರವತ್ತರ ದಶಕದ ಕೊನೆ. ಮಲಯಾಳಂ ನಾಡಿನ ಆ ಮೀನುಗಾರಿಕೆ ಕಚೇರಿಯಲ್ಲಿ ಕನ್ನಡ ಬರುವವರು ಇಬ್ಬರೇ: ಉಡುಪಿ ಕಡೆಯ ಅವರು, ಅವರ ಟೈಪಿಸ್ಟ್ ನಾನು. ಅವರ ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಮಧ್ಯಾಹ್ನ ಬಂಗುಡೆ ಸಾರಿನ ಡಬ್ಬಿ ಬಿಚ್ಚಿ, "ನೀನು ಆಚೆ ಮುಖ ಮಾಡಿ ಉಣ್ಣು ಮಾರಾಯ, ಆದ್ರೆ ಮಾತಾಡ್ತಾ ಇರು" ಎನ್ನುತ್ತಿದ್ದರು.

ಅವರ ಜೀವವೆಲ್ಲ ನಾಲ್ಕು ಬೆರಳುದ್ದದ ಒಂದು ಹೊಳೆಮೀನಿನ ಮೇಲಿತ್ತು. ಬೆಟ್ಟದ ಕೆಳಗಿನ ಒಂದು ಮಡುವಿನಲ್ಲಿ ಬಿಟ್ಟರೆ ಅದು ಅವರಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ. ಅಲ್ಲಿ ಜನ ಮದ್ದಿನ ತೋಟೆ ಸಿಡಿಸಿ ಮೀನು ಹಿಡಿಯುತ್ತಿದ್ದರು. ನಮ್ಮ ಕಡೆ ದೇವಸ್ಥಾನದ ಮಡುವಿನ ಮೀನನ್ನು ಯಾರೂ ಮುಟ್ಟುವುದಿಲ್ಲವಲ್ಲ, ಇಲ್ಲೂ ಹಾಗೇ ಆಗಲಿ ಎಂದು ಪಕ್ಕದ ದೇವಸ್ಥಾನದವರನ್ನು ಒಪ್ಪಿಸಿದರು. ಉಸ್ತುವಾರಿ ದೇವಸ್ಥಾನದ್ದು, ಒಬ್ಬ ಕಾವಲುಗಾರನ ಸಂಬಳ, ಒಂದು ದೋಣಿ ಸರ್ಕಾರದ್ದು. ಅಷ್ಟಕ್ಕೇ ಅರ್ಜಿ.

ಅರ್ಜಿ ಹಿಡಿದು ಇಬ್ಬರೂ ತಿರುವನಂತಪುರಕ್ಕೆ ಹೋಗಿ ತಂಪಾನೂರಿನ ಲಾಡ್ಜಿನಲ್ಲಿ ಮೂರು ದಿನ ಕಾದೆವು. ಕೊನೆಗೆ ಅಲ್ಲಿನ ಅಧಿಕಾರಿ ಕೇಳಿದ್ದು ಒಂದೇ ಮಾತು: "ಇದು ತಿನ್ನಾನ್ ಕೊಳ್ಳಾಮೋ ಸಾರೇ?" ತಿನ್ನಲು ಚೆನ್ನಾಗಿದೆಯೇ ಎಂದು. "ಇಲ್ಲ, ಬರೀ ಮುಳ್ಳು" ಎಂದುಬಿಟ್ಟರು ಸಾಹೇಬರು. ಸುಳ್ಳು ಅವರ ಬಾಯಿಗೆ ಬರುತ್ತಿರಲಿಲ್ಲ. ಫೈಲು ಮುಚ್ಚಿತು.

ಮರುವರ್ಷದ ಅರ್ಜಿಗೆ ನಾನೇ ಒಂದು ಸಾಲು ಸೇರಿಸಿದೆ: ಈ ಯೋಜನೆಯಿಂದ ಹೊಳೆಯಲ್ಲಿ ಮೀನಿನ ಉತ್ಪಾದನೆ ಹೆಚ್ಚುತ್ತದೆ. ಯಾವ ಮಾತಿಗೆ ಫೈಲು ಓಡುತ್ತದೆಂದು ಗುಮಾಸ್ತನಿಗಲ್ಲದೆ ಇನ್ನಾರಿಗೆ ಗೊತ್ತು? ನಾನು ಟೈಪು ಮಾಡಿದ್ದಕ್ಕೆ ಅವರು ಓದದೆಯೇ ಸಹಿ ಹಾಕುತ್ತಿದ್ದರು. ಅದಕ್ಕೂ ಹಾಕಿದರು.

ಹಣ ಮಂಜೂರಾಯಿತು. ಉತ್ಪಾದನೆ ಹೆಚ್ಚಿಸಲು ಅದೇ ಮಡುವಿಗೆ ವಿದೇಶಿ ಮೀನಿನ ಮರಿ ಬಿಡಬೇಕೆಂಬ ಷರತ್ತು ಜೊತೆಗಿತ್ತು. ಅವರು ಅರ್ಜಿಯ ಪ್ರತಿ ತರಿಸಿ ನನ್ನ ಸಾಲಿನ ಮೇಲೆ ಬೆರಳಿಟ್ಟರು. "ಅದು ಇದರ ಮೊಟ್ಟೆ ತಿಂತದೆ ಮಾರಾಯ" ಎಂದರು, ಅಷ್ಟೇ. ಹಣ ಬೇಡವೆಂದು ತಾವೇ ಬರೆದರು. ಹಣ ವಾಪಸು ಹೋಯಿತು, ಆದರೆ ಮರಿಗಳನ್ನು ಬೇರೆ ಕಚೇರಿಯವರು ತಂದು ಬಿಟ್ಟರು. ಕಾಗದದಲ್ಲಿ ನಾವೇ ಕೇಳಿದ್ದೆವಲ್ಲ.

ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅಂದಿನಿಂದ ಅವರು ಸಹಿಗೆ ಮುಂಚೆ ಪ್ರತಿ ಸಾಲಿಗೂ ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಓದತೊಡಗಿದರು, ನನ್ನ ರಜೆ ಚೀಟಿಯನ್ನೂ. ಊಟದ ಹೊತ್ತಿಗೆ ನಾನೀಗ ಅವರತ್ತ ತಿರುಗಿ ಕೂರುತ್ತಿದ್ದೆ. ಅವರು ಕಿಟಕಿಯತ್ತ ನೋಡುತ್ತ ಉಣ್ಣುತ್ತಿದ್ದರು.

ಎರಡು ವರ್ಷದ ಮೇಲೆ, ಉಳಿದಷ್ಟು ಮೀನನ್ನಾದರೂ ಮೇಲಿನ ತೊರೆಗೆ ಸಾಗಿಸಬೇಕೆಂದು ಮತ್ತೊಂದು ಅರ್ಜಿ ಬರೆಸಿದರು. ಓದಿ ಸಹಿ ಹಾಕಲು ಅದನ್ನು ಕ್ವಾರ್ಟರ್ಸಿಗೆ ಒಯ್ದವರು ಮರುದಿನ ಕಚೇರಿಗೆ ಬರಲಿಲ್ಲ. ನಾವು ಹೋಗಿ ನೋಡುವಷ್ಟರಲ್ಲಿ ಜೀವ ಹೋಗಿತ್ತು.

ಅರ್ಜಿ ಮೇಜಿನ ಮೇಲೆಯೇ ಇತ್ತು. ಎರಡನೇ ಹಾಳೆಯ ನಡುವಿನವರೆಗೆ ಪೆನ್ಸಿಲ್ ಗುರುತು. ಉಳಿದ ಸಾಲುಗಳನ್ನು ನಾನು ನಿಂತೇ ಓದಿದೆ. ಅವರು ಹೇಳಿದ್ದರ ಹೊರತು ಒಂದಕ್ಷರವೂ ಅದರಲ್ಲಿ ಇರಲಿಲ್ಲ. ಆದರೆ ಆ ಸಾಲುಗಳವರೆಗೆ ಅವರು ಓದಿರಲಿಲ್ಲ.