ಮಾಮಾಗೆ ಹೇಳಿದ ಮಾತು

ಅಕ್ಕ ರಜೆಗೆ ಬಂದಳೆಂದರೆ ಪುಣೆಯ ಖಡಕಿಯಲ್ಲಿನ ನಮ್ಮ ಓಣಿಗೆಲ್ಲ ಒಮ್ಮೆಲೇ ಕಾಯಿಲೆ ಬರುತ್ತಿತ್ತು. ಅಕ್ಕ, ಅವಳ ಗಂಡ ಇಬ್ಬರೂ ಡಾಕ್ಟರು. ಒಡಿಶಾದ ಗುಡ್ಡಗಾಡಿನ ಒಂದು ಮಿಷನ್ ಆಸ್ಪತ್ರೆಯಲ್ಲಿ ಮದುವೆಯಾದಾಗಿನಿಂದ ಇದ್ದಾರೆ. ಎರಡು ವರ್ಷಕ್ಕೊಮ್ಮೆ ಒಂದು ತಿಂಗಳು ಮನೆಗೆ ಬಿಡುತ್ತಾರೆ. ಆ ತಿಂಗಳು ಬೆಳಗಿನ ಚಹಾ ಕುದಿಯುವ ಮೊದಲೇ ಜನ ಪ್ಲಾಸ್ಟಿಕ್ ಚೀಲ ಹಿಡಿದು ಬಾಗಿಲಲ್ಲಿ. ಚೀಲದ ತುಂಬ ಎಕ್ಸ್‌ರೇ, ರಕ್ತದ ರಿಪೋರ್ಟು, ಅರ್ಧ ಮುಗಿದ ಗುಳಿಗೆಗಳು. ‘ಡಾಕ್ಟರ್‌ಬಾಯಿ ಆಲ್ಯಾ ಕಾ?’ ಎಂದು, ಡಾಕ್ಟರಮ್ಮ ಬಂದರೇ ಎಂದು ಮರಾಠಿಯಲ್ಲಿ ಕೇಳುತ್ತಲೇ ಒಳಗೆ ಬಂದು ಕೂತುಬಿಡುವರು. ಚರ್ಚಿನವರು, ಅಪ್ಪನ ಜೊತೆ ಮದ್ದುಗುಂಡಿನ ಕಾರ್ಖಾನೆಯಲ್ಲಿ ದುಡಿದವರು, ಧಾರವಾಡದಿಂದ ಬಸ್ಸು ಹತ್ತಿ ಬಂದ ನೆಂಟರು. ಎಲ್ಲರಿಗೂ ಚಹಾ ಮಾಡುವವಳು ನಾನು. ನನಗೋ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ.

‘ಇದೇನು ರಜಾನೋ ದವಾಖಾನೀನೋ? ಬಾಗ್ಲಿಗೆ ಒಂದು ಬೋರ್ಡಾದ್ರೂ ಹಾಕು’ ಎಂದು ರೇಗಿದರೆ ಅಕ್ಕ ನಗುವಳು. ‘ಇರ್ಲಿ ಬಿಡ, ಪಾಪ, ಎಷ್ಟು ದೂರದಿಂದ ಬಂದಾರ.’

ಆ ಸಲ ಬಂದವರನ್ನೆಲ್ಲ ಕುರ್ಚಿ ಎಳೆದು ಕೂರಿಸುತ್ತಿದ್ದವಳು ಅವ್ವ. ಮಂದಿಯ ಮೊಣಕಾಲು, ಮಂದಿಯ ಸಕ್ಕರೆ ಕಾಯಿಲೆ, ಎಲ್ಲವನ್ನೂ ತಾನೇ ಅಕ್ಕನಿಗೆ ವಿವರಿಸುತ್ತಿದ್ದಳು. ತನ್ನ ಎಡ ಎದೆಯಲ್ಲಿದ್ದ ಗಂಟಿನ ಮಾತು ಮಾತ್ರ ಎತ್ತಲಿಲ್ಲ.

ಅದು ನನಗೆ ತಿಳಿದದ್ದು ಅವರು ಬರುವುದಕ್ಕೆ ಹದಿನೈದು ದಿನ ಮುಂಚೆ. ಕುಪ್ಪಸದ ಗುಂಡಿ ಹಾಕಲು ಕೈ ಎತ್ತಲಾರದೆ ಅವ್ವ ನನ್ನನ್ನು ಕರೆದಿದ್ದಳು. ಕೈಗೆ ಗಟ್ಟಿಯಾಗಿ ಏನೋ ತಗುಲಿತು. ‘ಯಾವಾಗಿಂದ ಅದ ಇದು?’ ಎಂದು ಕೂಗಿಬಿಟ್ಟೆ. ನಾಳೆಯೇ ಆಸ್ಪತ್ರೆಗೆ ನಡಿ ಎಂದೆ. ಅವ್ವ ಬರಲೊಲ್ಲೆ ಎಂದಳು. ರಿಪೋರ್ಟು ಮನೆಗೆ ಬಂದರೆ ಅಕ್ಕನ ಕಣ್ಣು ತಪ್ಪಿಸುವುದು ಆಗದು, ಅವರು ರೈಲು ಹತ್ತಲಿ, ಮರುದಿನವೇ ಬರುತ್ತೇನೆ ಎಂದಳು. ಆಮೇಲೆ ನನ್ನ ಕೈ ಹಿಡಿದು ಬೈಬಲ್ಲಿನ ಮೇಲೆ ಇರಿಸಿದಳು.

‘ಅಕ್ಕಗ ಹೇಳಂಗಿಲ್ಲ ಅಂತ ಅನ್ನು.’

‘ಹುಚ್ಚು ಹಿಡದದೇನು ನಿನಗ? ಆಕಿ ಡಾಕ್ಟರ್ ಅದಾಳ!’

‘ಅದಕ್ಕs ಹೇಳಬ್ಯಾಡ ಅಂದೆ. ನಿಮ್ಮಪ್ಪನ ಕಾಲಕ್ಕ ಏನಾತು ಗೊತ್ತಿಲ್ಲೇನು?’

ಗೊತ್ತಿತ್ತು. ಅಪ್ಪನಿಗೆ ಲಕ್ವಾ ಹೊಡೆದ ವರ್ಷ ಅಕ್ಕ ರಜೆ ಮುಗಿದರೂ ಹೋಗದೆ ಎರಡು ತಿಂಗಳು ಇಲ್ಲೇ ಉಳಿದಳು. ಆ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಹೆರಿಗೆ ಮಾಡಿಸುವವಳು ಅವಳೊಬ್ಬಳೇ. ಅವಳ ಗಂಡನದು ಅರಿವಳಿಕೆ ಕೊಡುವ ಕೆಲಸ. ರಜೆಗೆಂದು ಬದಲಿಗೆ ಬಂದಿದ್ದ ಡಾಕ್ಟರು ತಿಂಗಳು ತುಂಬಿದ ಕೂಡಲೇ ಹೊರಟುಹೋಗಿದ್ದರು. ಮಂಚದ ಮೇಲೆ ಹೊತ್ತು ತಂದ ಒಬ್ಬ ಬಸುರಿ, ಹೊಟ್ಟೆಯಲ್ಲಿನ ಕೂಸಿನ ಸಮೇತ, ಆಸ್ಪತ್ರೆಯ ವರಾಂಡದಲ್ಲೇ ತೀರಿಕೊಂಡಳು. ಅಕ್ಕನಿಗೆ ಫೋನು ಬಂದಾಗ ಅವಳು ನಮ್ಮ ಅಡುಗೆಮನೆಯಲ್ಲಿ ಅಪ್ಪನಿಗೆ ಗಂಜಿ ಆರಿಸುತ್ತಿದ್ದಳು. ‘ನಾ ಅಲ್ಲಿದ್ದಿದ್ರ ಆಕಿ ಉಳೀತಿದ್ಲು’ ಎಂದು ಗೋಡೆಗೆ ಆನಿಕೊಂಡು ಕೂತವಳು ಸಂಜೆಯವರೆಗೂ ಏಳಲಿಲ್ಲ. ಅವ್ವ ಅಂದೇ ಏನೋ ನಿಶ್ಚಯ ಮಾಡಿಕೊಂಡಿರಬೇಕು.

ನಾನು ಆಣೆ ಮಾಡಿದೆ. ಮಾಡಿದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ಅವರು ಬಂದ ಮೇಲೆ ದಿನಕ್ಕೆ ಹತ್ತು ಸಲ ಮಾತು ನಾಲಿಗೆಯ ತುದಿಗೆ ಬರುತ್ತಿತ್ತು. ಅವ್ವ ದೂರದಿಂದಲೇ ಕಣ್ಣು ಬಿಡುತ್ತಿದ್ದಳು. ಮೂರನೆಯ ವಾರದಲ್ಲಿ ನನಗೊಂದು ಉಪಾಯ ಹೊಳೆಯಿತು. ಆಣೆ ಹಾಕಿದ್ದು ಅಕ್ಕನಿಗೆ ಹೇಳುವುದಿಲ್ಲವೆಂದು. ಮಾಮಾಗೆ, ಅಂದರೆ ಅಕ್ಕನ ಗಂಡನಿಗೆ, ಹೇಳಬಾರದೆಂದು ಅವ್ವ ಎಲ್ಲಿ ಅಂದಿದ್ದಾಳೆ? ಭಾರಿ ಶಾಣ್ಯಾಳಾದೆ ಅಂದುಕೊಂಡೆ. ಬೆಳಿಗ್ಗೆ ಅವರೊಡನೆ ಖಡಕಿ ಬಜಾರಿಗೆ ಮೀನು ತರಲು ಹೊರಟವಳು ದಾರಿಯಲ್ಲೇ ಎಲ್ಲವನ್ನೂ ಹೇಳಿ ಅತ್ತುಬಿಟ್ಟೆ.

ಮಾಮಾ ರಸ್ತೆಯ ಬದಿಗೆ ನಿಂತರು. ಎಷ್ಟು ದೊಡ್ಡದು, ಒತ್ತಿದರೆ ಸರಿಯುತ್ತದೋ ಇಲ್ಲವೋ, ಕಂಕುಳಲ್ಲಿ ಏನಾದರೂ ಇದೆಯೋ, ಒಂದೊಂದೇ ಕೇಳಿದರು. ನನಗೆ ತಿಳಿದಷ್ಟು ಹೇಳಿದೆ. ಕನ್ನಡಕ ತೆಗೆದು ಒರೆಸಿಕೊಂಡರು.

‘ನಾ ಹೇಳ್ತೀನಿ ಆಕಿಗೆ. ನೀ ಇನ್ನ ಹಗುರಾಗು. ಭಾನುವಾರದ್ದೊಂದು ಮುಗೀಲಿ.’

ಭಾನುವಾರ ಚರ್ಚಿನಲ್ಲಿ ಅಕ್ಕ ಮಿಷನ್ ಆಸ್ಪತ್ರೆಯ ಚಿತ್ರಗಳನ್ನು ತೋರಿಸಿ ಮಾತಾಡುವುದಿತ್ತು. ಪ್ರತಿ ರಜೆಯಲ್ಲೂ ಇದೊಂದು ನೇಮ. ಅವ್ವ ಮುಂದಿನ ಸಾಲಿನಲ್ಲಿ, ಧಾರವಾಡದ ಇರಕಲ್ ಸೀರೆಯುಟ್ಟು, ಎಡಗೈಯನ್ನು ಮಡಿಲಲ್ಲಿ ಜೋಪಾನವಾಗಿ ಇಟ್ಟುಕೊಂಡು ಕೂತಿದ್ದಳು. ಅವಳ ಮುಖದಲ್ಲಿದ್ದ ಹೆಮ್ಮೆ ನೋಡಲಾರದೆ ನಾನು ಹಾಡಿನ ಪುಸ್ತಕ ತೆರೆದೆ.

ಸೋಮವಾರ ಕಾದೆ. ಮಂಗಳವಾರ ಕಾದೆ. ಮಾಮಾ ನಾನಿದ್ದ ಕೋಣೆಯಲ್ಲಿ ನಿಲ್ಲುತ್ತಲೇ ಇರಲಿಲ್ಲ. ಬುಧವಾರ ಅಕ್ಕ ಹಾಡು ಗುನುಗುತ್ತ ಟ್ರಂಕು ತುಂಬಿದಳು, ಅವ್ವ ಮಾಡಿಕೊಟ್ಟ ಶೇಂಗಾ ಚಟ್ನಿಯ ಡಬ್ಬಿಗಳನ್ನು ಸೀರೆಗಳ ನಡುವೆ ಇಟ್ಟಳು. ಗೊತ್ತಿದ್ದವಳು ಹಾಡುತ್ತಾಳೆಯೇ?

ಗುರುವಾರ ಪುಣೆ ಸ್ಟೇಷನ್ನಿನಲ್ಲಿ ಅಕ್ಕ ಅವ್ವನನ್ನು ತಬ್ಬಿಕೊಂಡಳು. ಅವ್ವ ಬಲಮಗ್ಗುಲು ಕೊಟ್ಟಳು. ಆಗ ಮಾಮಾ ನನ್ನ ಕೈಗೆ ಒಂದು ಚೀಟಿ ತುರುಕಿದರು. ಪುಣೆಯ ಒಬ್ಬ ಡಾಕ್ಟರರ ಹೆಸರು, ಫೋನು, ಕೆಳಗೆ ‘ನಾಳೆಯೇ ಹೋಗಿ’ ಎಂದು.

‘ಹೇಳಲಿಲ್ಲೇನ್ರಿ?’

‘ಹೇಳಿದ್ರ ಆಕಿ ಉಳೀತಾಳ’ ಎಂದರು, ನನ್ನ ಮುಖ ನೋಡದೆ. ‘ಬದಲಿ ಡಾಕ್ಟರು ನಿನ್ನೇನs ಹೋಗ್ಯಾರ.’

ರೈಲು ಹೊರಡಲು ಇನ್ನೂ ಸಮಯವಿತ್ತು. ಅಕ್ಕ ಕಿಟಕಿಯ ಪಕ್ಕದಲ್ಲೇ ಇದ್ದಳು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಆಣೆ ಮುರಿದಿದ್ದರೆ ದೇವರು ನನ್ನನ್ನೇನು ನುಂಗುತ್ತಿರಲಿಲ್ಲ. ಆದರೂ ಬಾಯಿ ಬಿಡಲಿಲ್ಲ.

ಮರುದಿನವೇ ಹೋದೆವು. ಮೊದಲು ಎಕ್ಸ್‌ರೇ, ಆಮೇಲೆ ಸೂಜಿ ಚುಚ್ಚಿ ಪರೀಕ್ಷೆ, ಆಪರೇಶನ್ನು, ಕೂದಲೆಲ್ಲ ಉದುರಿಸುವ ಔಷಧ. ಅಕ್ಕ ಫೋನು ಮಾಡಿದಾಗಲೆಲ್ಲ ಅವ್ವ ‘ಆರಾಮ ಅದೀನವಾ, ಹೊಟ್ಟ್ಯಾಗ ಸ್ವಲ್ಪ ವಾಯು’ ಎನ್ನುವಳು. ವಿಡಿಯೋ ಕರೆ ಬಂದರೆ ತಲೆಯ ಮೇಲೆ ಸೆರಗು. ಆಪರೇಶನ್ ಆಗಲಿ, ಔಷಧ ಮುಗಿಯಲಿ ಎಂದು ಹೇಳುವುದನ್ನು ಮುಂದೂಡುತ್ತಲೇ ಹೋದಳು. ಕಾಯಿಲೆ ಯಕೃತ್ತಿಗೆ ಇಳಿದಿದೆ ಎಂದು ಡಾಕ್ಟರರು ಹೇಳಿದ ದಿನ ನಾನು ಅವಳನ್ನು ಕೇಳದೆಯೇ ಅಕ್ಕನಿಗೆ ಫೋನು ಮಾಡಿದೆ. ಅಕ್ಕನಿಗೆ ಸಿಕ್ಕಿದ್ದು ಒಂಬತ್ತು ದಿನ, ಅದರಲ್ಲಿ ಅವ್ವ ಮಾತಾಡಿದ್ದು ಎರಡು ದಿನ.

ಮಣ್ಣು ಮಾಡಿ ಬಂದ ಮೂರನೆಯ ದಿನ ಅಕ್ಕ ಅವ್ವನ ಕಡತ ತೆಗೆದು ಕೂತಳು. ಮೊದಲ ಹಾಳೆಯಲ್ಲೇ ಅವಳ ಬೆರಳು ನಿಂತಿತು.

‘ಇದು ನಾವು ಹೋದ ಮರುದಿನದ್ದು’ ಎಂದಳು. ‘ನಾ ಇಲ್ಲಿದ್ದಾಗs ಗೊತ್ತಿತ್ತು. ಒಂದು ತಿಂಗಳು ಊರ ಮಂದಿನ್ನೆಲ್ಲ ಮುಟ್ಟಿ ನೋಡಿದೆ ನಾ ಈ ಮನ್ಯಾಗ. ಯಾರ್ಯಾರಿಗೆ ಗೊತ್ತಿತ್ತು?’

ಮಾಮಾ ಬಾಗಿಲಲ್ಲಿ ನಿಂತಿದ್ದರು. ಒಂದು ಮಾತು ಅವರು ಹೇಳಬಹುದಿತ್ತು. ಅವರು ನನ್ನನ್ನು ನೋಡಿದರು, ನಾನು ಅವರನ್ನು. ಈ ಮನುಷ್ಯನೊಂದಿಗೆ ಇವಳು ಆ ಗುಡ್ಡಕ್ಕೆ ಮರಳಬೇಕು, ಒಂದೇ ಆಪರೇಶನ್ ಮೇಜಿನ ಆಚೆ ಈಚೆ ನಿಂತು ದಿನವೂ ಕೆಲಸ ಮಾಡಬೇಕು ಎಂಬುದಷ್ಟೇ ನನ್ನ ತಲೆಗೆ ಬಂತು.

‘ಅವ್ವಗ, ನನಗ’ ಎಂದೆ. ‘ಮತ್ತ್ಯಾರಿಗೂ ಇಲ್ಲ.’

ಮಾಮಾ ಕನ್ನಡಕ ತೆಗೆದು ಒರೆಸಿಕೊಂಡರು. ಅಕ್ಕ ಕಡತವನ್ನು ಮುಚ್ಚಿ ಎದ್ದು ಒಳಗೆ ಹೋದಳು. ಹೊರಡುವಾಗ ನನ್ನನ್ನು ತಬ್ಬಿಕೊಳ್ಳಲಿಲ್ಲ.

ಮುಂದಿನ ರಜೆಗೆ ಅವರು ಪುಣೆಗೆ ಬರಲಿಲ್ಲ, ಮಾಮಾನ ತಂಗಿಯ ಮನೆಗೆ ಹೋದರಂತೆ. ಮಾಮಾ ಮಾತ್ರ ತಿಂಗಳಿಗೊಮ್ಮೆ ತಪ್ಪದೆ ಫೋನು ಮಾಡುತ್ತಾರೆ. ಊಟ ಆಯಿತೇ, ಮಳೆ ಹೇಗಿದೆ ಎಂದು ಕೇಳುತ್ತಾರೆ. ಅಕ್ಕ ಹೇಗಿದ್ದಾಳೆ, ಫೋನು ಕೊಡ್ರಿ ಎನ್ನುತ್ತೇನೆ.

‘ಆಪರೇಶನ್ ಥೇಟರಿನಾಗ ಅದಾಳ’ ಎನ್ನುತ್ತಾರೆ.