ಹೆಣಕ್ಕೆ ಬಡಿಯದ ತಮಟೆ

ವೆಂಕಟಸ್ವಾಮಿ ಸಮುದ್ರ ಕಂಡದ್ದು ಅದೇ ಮೊದಲು. ಅವನು ಕಂಡ ದಿನವೇ ಅದಕ್ಕೆ ಮೈಮೇಲೆ ಬಂದಿತ್ತು.

ಗರುಡಾಚಾರ್‌ಪಾಳ್ಯದ ತಗಡಿನ ಕಾರ್ಖಾನೆಯೊಂದರಲ್ಲಿ ಲಾರಿಗೆ ಮಾಲು ಹೇರುವ ಕೆಲಸ ಅವನದು. ಅಲ್ಲಿ ರಜೆ ಹಾಕಿ, ಮಗಳು ಯಮುನಾಳನ್ನು ಕರೆದುಕೊಂಡು, ಹೆಗಲಿಗೆ ತಮಟೆ ನೇತುಹಾಕಿಕೊಂಡು, ಕುಂದಾಪುರದಿಂದಲೂ ಆಚೆಗಿದ್ದ ಆ ಬಂದರಿನ ಊರಿಗೆ ಬೆಳಿಗ್ಗೆ ಬಸ್ಸಿಳಿದಿದ್ದ. ಮೀನು ಮಾರುವ ಹೆಂಗಸರು ಬಂದರಿನೊಳಗೆ ಕೂತು ಮಾರಲು ಜಾಗ ಕೇಳಿ ಧರಣಿ ಇಟ್ಟುಕೊಂಡಿದ್ದರು. ಅವರ ಮುಂದಾಳು ಶೇಷಮ್ಮ ಹಿಂದೊಮ್ಮೆ ಬೆಂಗಳೂರಿನ ಮೆರವಣಿಗೆಯಲ್ಲಿ ಇವನ ತಮಟೆ ಕೇಳಿದ್ದವಳು. "ನಮ್ಮೂರಿಗೂ ಬರ್ಕ್ ಅಣ್ಣ, ನಿಮ್ಮ ಪೆಟ್ಟು ಕೇಂಡ್ರೆ ಆಫೀಸರು ಕುರ್ಚಿ ಬಿಟ್ ಏಳ್ತ್ರ್" ಅಂದಿದ್ದಳು.

ಬಂದು ನೋಡಿದರೆ ಧರಣಿಯೇ ಇಲ್ಲ. ರಾತ್ರೋರಾತ್ರಿ ಚಂಡಮಾರುತದ ಎಚ್ಚರಿಕೆ ಬಂದು ಆಫೀಸಿಗೆ ಬೀಗ ಬಿದ್ದಿತ್ತು. ಧರಣಿಗೆ ಹಾಕಿದ್ದ ಶಾಮಿಯಾನ ಹಾರಿಹೋಗಿ ಮಂಜುಗಡ್ಡೆ ಕಾರ್ಖಾನೆಯ ತಂತಿಗೆ ಸಿಕ್ಕಿಕೊಂಡು ಪಟಪಟ ಅನ್ನುತ್ತಿತ್ತು. ಶೇಷಮ್ಮ ಅಪ್ಪ ಮಗಳಿಬ್ಬರನ್ನೂ ದಡದ ಕ್ಯಾಂಟೀನಿನಲ್ಲಿ ಕೂರಿಸಿ, ಗಂಜಿ ಇಡಿಸಿ, "ಹೊರಗೆ ಬರ್ಬೇಡಿ" ಎಂದು ಹೇಳಿ ದೋಣಿ ಕಟ್ಟಲು ಓಡಿದ್ದಳು.

ಕೂರು ಅಂದರೆ ಕೂರುವ ಜಾತಿಯಲ್ಲ ವೆಂಕಟಸ್ವಾಮಿ. ಬಾಗಿಲಿಗೆ ಹೋದ, ಬಂದ. ಮತ್ತೆ ಹೋದ. ವರ್ತೂರು ಕೆರೆಯ ನೊರೆ ರಸ್ತೆಗೆ ಹಾರಿಬಂದು ಸ್ಕೂಟರಿನವರ ಮುಖಕ್ಕೆ ಮೆತ್ತಿಕೊಳ್ಳುವುದನ್ನು ಕಂಡವನಿಗೆ ನೀರು ನೊರೆ ಕಾರುವುದು ಹೊಸದಲ್ಲ. ಆದರೆ ಈ ನೊರೆ ಆಳೆತ್ತರ ಎದ್ದು, ಬಂದರಿನ ಕಲ್ಲುಗೋಡೆ ಹಾರಿ, ಮೀನು ಹರಾಜಿನ ಕಟ್ಟೆಯ ಮೇಲೆ ಬಂದು ಬೀಳುತ್ತಿತ್ತು. ಆಕಾಶ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಅನ್ನುವುದೇ ತಿಳಿಯದಂಥ ಒಂದೇ ಬೂದಿ ಬಣ್ಣ. ಕೆ.ಆರ್. ಪುರದ ತೂಗುಸೇತುವೆಯ ಕೆಳಗೆ ನಿಂತಾಗ ಮೇಲೆ ಲಾರಿ ಸಾಲುಗಟ್ಟಿ ಹೋದರೆ ಎದೆಗೂಡು ನಡುಗುತ್ತದಲ್ಲ, ಆ ಸದ್ದು. ಅಲ್ಲಿ ಲಾರಿ ಹೋಗಿ ಮುಗಿಯುತ್ತದೆ. ಇಲ್ಲಿ ಮುಗಿಯುತ್ತಲೇ ಇರಲಿಲ್ಲ.

"ಅಪ್ಪಾ, ಕೂತ್ಕೋ. ನೀನು ಓಡಾಡಿದ್ರೆ ಗಾಳಿ ಹೆದರ್ಕೊಂಡು ಹೋಗಲ್ಲ" ಅಂದಳು ಯಮುನಾ.

"ಧರಣಿ ಇಲ್ಲ ಅಂದ್ಮೇಲೆ ನಮಗೇನ್ ಕೆಲ್ಸ ಇಲ್ಲಿ? ಗಂಜಿ ಕುಡಿಯೋಕೆ ಅಷ್ಟು ದೂರದಿಂದ ಬಂದ್ವಾ?"

"ಮತ್ತೆ ಕುಡಿದ್ಯಲ್ಲ, ಎರಡು ತಟ್ಟೆ."

ಅವನು ತಮಟೆಯ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿ, ಚರ್ಮವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಗಾಳಿಯ ತೇವಕ್ಕೇ ಅದು ಸಡಿಲ ಬಿದ್ದಿತ್ತು. ಪಕ್ಕದಲ್ಲಿ ಮಗಳ ತಮಟೆ, ಫೈಬರ್ ಹೊದಿಸಿದ್ದು. ಜೋಗುಪಾಳ್ಯದ ಹುಡುಗಿಯರ ತಂಡದಲ್ಲಿ ಅವಳು ಅದನ್ನೇ ಬಾರಿಸುವುದು. ಅದಕ್ಕೆ ಬೆಂಕಿ ಬೇಡ, ಬಿಸಿಲು ಬೇಡ, ಮಳೆಗೂ ಜಗ್ಗದು. ವೆಂಕಟಸ್ವಾಮಿ ಅದನ್ನು ತಮಟೆ ಎಂದು ಕರೆದವನೇ ಅಲ್ಲ, 'ಬಕೆಟ್ಟು' ಅನ್ನುತ್ತಿದ್ದ.

ಅವನ ಹಟಗಳು ಒಂದೆರಡಲ್ಲ. ಎಲ್ಲಕ್ಕಿಂತ ದೊಡ್ಡದು, ಹೆಣಕ್ಕೆ ಬಡಿಯುವುದಿಲ್ಲ ಅನ್ನುವುದು.

ಕೆ.ಆರ್. ಪುರದಾಚೆಯ ಅವನ ಹಳ್ಳಿ ಈಗಿಲ್ಲ. ಹೊಲಗಳ ಮೇಲೆ ಅಪಾರ್ಟ್‌ಮೆಂಟು ಎದ್ದಿವೆ, ಕೇರಿ ಮಾತ್ರ ಇದ್ದಲ್ಲೇ ಉಳಿದು ಮೂರನೇ ಕ್ರಾಸ್ ಎಂಬ ಬೋರ್ಡು ಹೊತ್ತುಕೊಂಡಿದೆ. ಅಪ್ಪ ಆ ಊರಿನ ತಮಟೆಯವನು. ಯಾರು ಸತ್ತರೂ ಹೆಣದ ಮುಂದೆ ಬಡಿಯುತ್ತ ನಡೆಯಬೇಕು, ಆಮೇಲೆ ಹಿತ್ತಿಲ ಬಾಗಿಲಲ್ಲಿ ನಿಂತು ಮುದ್ದೆ ಇಸಿದುಕೊಳ್ಳಬೇಕು. ಆ ಅಪ್ಪ ಸತ್ತ ದಿನ ಪಟೇಲರ ತಾಯಿಯೂ ಸತ್ತಳು. ಪಟೇಲರ ಆಳು ಬಂದ. ಅಂಗಳದಲ್ಲಿ ಮಲಗಿಸಿದ್ದ ಅಪ್ಪನ ಹೆಣವನ್ನು ಅವನು ನೋಡಲಿಲ್ಲ ಅಂತಲ್ಲ. ನೋಡಿ, ಸುತ್ತುಹಾಕಿಕೊಂಡು ಬಂದು, "ತಮಟೆ ತಗೊಂಡ್ ಬಾ ಅಂದವ್ರೆ" ಅಂದ. ವೆಂಕಟಸ್ವಾಮಿಗೆ ಆಗಿನ್ನೂ ಮೀಸೆ ಮೂಡುತ್ತಿತ್ತು. ಹೋಗಲಿಲ್ಲ. ಅದಕ್ಕೆ ಏಟೂ ತಿಂದ. ಊರಿಗೆಲ್ಲ ಬಡಿದ ಅಪ್ಪ ಸದ್ದಿಲ್ಲದೆ ಮಣ್ಣಾದ.

ಆಮೇಲೆ ದಲಿತರ ಸಂಘ ಬಂತು, ಮನೆಗೆ ಬುದ್ಧ ಬಂದ, ತಮಟೆ ಮೆರವಣಿಗೆಯ ಮುಂದೆ ಬಂತು. ಹೆಣದ ಮುಂದೆ ಮಾತ್ರ ಹೋಗಲಿಲ್ಲ. ಜೊತೆಯಲ್ಲಿ ಲಾಠಿ ಏಟು ತಿಂದಿದ್ದ ಆನಂದ್ ಹಲಸೂರಿನಲ್ಲಿ ತೀರಿಕೊಂಡಾಗ ಅವನ ಹೆಂಡತಿಯೇ ಬಂದು ಕೇಳಿದ್ದಳು, "ಅವ್ರಿಗೆ ನಿನ್ ತಮಟೆ ಅಂದ್ರೆ ಪ್ರಾಣ ಕಣಣ್ಣ" ಎಂದು. ವೆಂಕಟಸ್ವಾಮಿ ಹೆಣಕ್ಕೆ ಹೆಗಲು ಕೊಟ್ಟನೇ ಹೊರತು ತಮಟೆ ಮುಟ್ಟಲಿಲ್ಲ. ಮನೆಗೆ ಬಂದ ಮೇಲೆ ಹೆಂಡತಿ ಚಿಕ್ಕಮುನಿಯಮ್ಮ ಸ್ನಾನಕ್ಕೆ ನೀರು ಕೊಡುತ್ತ ಅಂದಿದ್ದಳು: "ಪಟೇಲನ ಮೇಲಿನ ಸಿಟ್ಟನ್ನ ಆನಂದನ ಮೇಲೆ ತೀರಿಸ್ಕೊಂಡ್ ಬಂದ್ಯಾ? ಇರ್ಲಿ ಬಿಡು, ನೀನು ಸತ್ತಾಗ ನಾನೇ ತಟ್ಟೆ ಬಡೀತೀನಿ."

ಅದೆಲ್ಲ ಈಗ ಯಾಕೆ ನೆನಪಾಗಬೇಕೋ. ಅವನು ಮತ್ತೆ ಬಾಗಿಲಿಗೆ ಹೋದ.

ಬಂದರಿನ ಪಕ್ಕದ ಮರಳಿನಲ್ಲಿ ನಾಡದೋಣಿಗಳನ್ನು ಮೇಲಕ್ಕೆ ಎಳೆಯುತ್ತಿದ್ದರು. ಎಳೆಯಬೇಕಾದ ಟ್ರ್ಯಾಕ್ಟರು ಗಾಲಿ ಹೂತು ನಿಂತಿತ್ತು. ಗಂಡಸರು ಹೆಂಗಸರು ಎನ್ನದೆ ಊರೇ ಹಗ್ಗಕ್ಕೆ ಬಿದ್ದಿತ್ತು. ಅಷ್ಟರಲ್ಲಿ ದೊಡ್ಡದೊಂದು ಅಲೆ ಬಂತು. ಜನ ಚದುರಿದರು. ಕೂಡಲೇ ಹೆಂಗಸರು ಬಾಯಿ ಬಡಿದುಕೊಳ್ಳುವುದು ಕಂಡಿತು. ನಾಲ್ವರು ಗಂಡಸರು ಒಬ್ಬನನ್ನು ಹಲಗೆಯ ಮೇಲೆ ಮಲಗಿಸಿ, ಮೇಲೊಂದು ಪಂಚೆ ಹೊದಿಸಿ ಹೊತ್ತುಕೊಂಡು ಹೋದರು.

ವೆಂಕಟಸ್ವಾಮಿ ಬಾಗಿಲು ಬಿಟ್ಟು ಒಳಗೆ ಬಂದ.

ಸ್ವಲ್ಪ ಹೊತ್ತಿಗೆ ಶೇಷಮ್ಮ ಓಡಿಬಂದಳು. ಸೀರೆ ಮೈಗಂಟಿತ್ತು, ಕೂದಲಿಂದ ನೀರು ಸುರಿಯುತ್ತಿತ್ತು.

"ಅಣ್ಣಾ, ನಿಮ್ ತಮಟೆ ತಕಂಡ್ ಬನ್ನಿ, ಬೇಗ!"

ಎಲ್ಲಿಗೆ ಹೋದರೂ ಇದೇ, ಅಂದುಕೊಂಡ ವೆಂಕಟಸ್ವಾಮಿ. ಧರಣಿಗೆ ಅಂತ ಕರೆಯುತ್ತಾರೆ, ಹೆಣ ಬಿದ್ದ ಗಳಿಗೆಗೆ ತಮಟೆಯವನು ತಮಟೆಯವನೇ ಆಗಿಬಿಡುತ್ತಾನೆ.

"ಆಗಲ್ಲ ಕಣಮ್ಮ. ಅದಕ್ಕೆಲ್ಲ ನಾನು ಬಡಿಯೋನಲ್ಲ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಶೇಷಮ್ಮ ಅವನ ಮುಖವನ್ನೇ ನೋಡಿದಳು. ಕೇಳಲು ಹೊತ್ತಿರಲಿಲ್ಲ. "ಆಯ್ತ್" ಎಂದವಳೇ ತಿರುಗಿ ಓಡಿದಳು. ಯಮುನಾ ಅಪ್ಪನನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿ ಅವಳ ಹಿಂದೆಯೇ ಹೋದಳು.

ವೆಂಕಟಸ್ವಾಮಿ ಬೆಂಚಿನ ಮೇಲೆ ಕೂತ. ಎದ್ದ. ಬೀಡಿ ಹಚ್ಚಲು ನೋಡಿದ, ಕಡ್ಡಿಗಳೆಲ್ಲ ತೇವ ಹಿಡಿದಿದ್ದವು. ಕ್ಯಾಂಟೀನಿನ ತಗಡು ಮೇಲೆದ್ದು ಕೆಳಗೆ ಬಡಿಯುತ್ತಿತ್ತು. ಹೊರಗೆ ಮರ ಸೀಳಿದಂಥ ಸದ್ದಾಯಿತು. ಮತ್ತೊಮ್ಮೆ ಆಯಿತು.

ಯಮುನಾ ಬಂದಾಗ ಅವಳ ಮುಖ ಕೆಂಪಗಿತ್ತು.

"ಯಾರು ಹೇಳಿದ್ದು ನಿಂಗೆ ಅವ್ನು ಸತ್ತ ಅಂತ?"

"ಹೊತ್ಕೊಂಡ್ ಹೋಗಿದ್ದು ನೋಡ್ಲಿಲ್ವಾ..."

"ಕಾಲ್ ಮುರಿದೈತೆ ಅಷ್ಟೆ! ಗಾಳೀಲಿ ಕೂಗು ಕೇಳ್ಸಲ್ಲ, ಒಬ್ಬೊಬ್ರು ಒಂದೊಂದ್ಸಲ ಎಳೀತಾರೆ, ದೋಣಿ ಜಾರಿ ಅವ್ನ ಕಾಲ್ ಮೇಲೆ ಬಿತ್ತು. ಎಲ್ರೂ ಒಟ್ಟಿಗೆ ಎಳೀಲಿ ಅಂತ ತಮಟೆ ಕರ್ದಿದ್ದು ಅಪ್ಪಾ! ಜೀವ ಇರೋರಿಗೆ!" ಅವಳು ತನ್ನ ತಮಟೆ ಎತ್ತಿಕೊಂಡಳು. "ಶೇಷಕ್ಕನ ದೋಣಿ ಹೋಯ್ತು. ನಾವಿಲ್ಲಿ ಕೂತಿದ್ದಾಗ್ಲೇ ಹೋಯ್ತು. ಇನ್ನೂ ಐದಾವೆ. ಬರ್ತೀಯೋ, ನಾನೇ ಹೋಗ್ಲೋ?"

ವೆಂಕಟಸ್ವಾಮಿ ಕ್ಯಾಂಟೀನಿನ ಗ್ಯಾಸ್ ಒಲೆಯ ಮೇಲೆ ತಮಟೆಯ ಚರ್ಮವನ್ನು ಒಂದು ಸುತ್ತು ಕಾಯಿಸಿ, ಅಂಗಿಯಡಿ ಅವುಚಿಕೊಂಡು ಓಡಿದ.

ಕಾಯಿಸಿದ್ದು ದಂಡವಾಯಿತು. ಮರಳಿಗೆ ಇಳಿದು ನಾಲ್ಕು ಪೆಟ್ಟು ಹಾಕುವಷ್ಟರಲ್ಲಿ ಚರ್ಮ ನೀರು ಕುಡಿದು ಒದ್ದೆ ಚಾಪೆಯ ಹಾಗೆ ದಪ್ ದಪ್ ಅಂದಿತು. ಪಕ್ಕದಲ್ಲಿ ಯಮುನಾಳ ಬಕೆಟ್ಟು ಖಣಖಣ ಅನ್ನುತ್ತಿತ್ತು. ಆದರೆ ಅವಳಿಗೆ ಬರುತ್ತಿದ್ದದ್ದು ಕುಣಿತದ ಪೆಟ್ಟು, ಮೆರವಣಿಗೆಯ ಪೆಟ್ಟು. ಹಗ್ಗ ಹಿಡಿದವರು ಅದಕ್ಕೆ ತಕ್ಕ ಹಾಗೆ ಜಗ್ಗಿ ಜಗ್ಗಿ ಏದುಸಿರು ಬಿಟ್ಟರು. ದೋಣಿ ಅಲುಗಿತೇ ಹೊರತು ಮೇಲೇರಲಿಲ್ಲ.

"ಅದಲ್ಲ! ನಿಧಾನ! ಉಸಿರು ತಗೊಳ್ಳೋಕೆ ಬಿಡು!"

"ನಿಧಾನದ್ದು ಯಾವ್ದು? ನೀನು ಹೇಳ್ಕೊಟ್ಟಿದ್ರೆ ತಾನೇ!"

ಹೇಳಿಕೊಟ್ಟಿರಲಿಲ್ಲ, ನಿಜ. ಭಾರ ಹೊತ್ತವರ ಹೆಜ್ಜೆ ತಪ್ಪದಂತೆ ನಡೆಸುವ ಪೆಟ್ಟು ಒಂದೇ ಒಂದಿತ್ತು. ಎರಡು ಸಣ್ಣವು, ಒಂದು ಬಿಡುವು, ಆಮೇಲೆ ಒಂದು ತೂಕದ್ದು. ಸಣ್ಣದಕ್ಕೆ ಉಸಿರು, ತೂಕದ್ದಕ್ಕೆ ಹೆಜ್ಜೆ. ಉಬ್ಬುತಗ್ಗಿನ ಸುಡುಗಾಡಿನ ದಾರಿಯಲ್ಲಿ ನಾಲ್ಕು ಹೆಗಲೂ ಒಂದೇ ಸಲ ಏಳುವಂತೆ ಅಪ್ಪ ಬಡಿಯುತ್ತಿದ್ದ ಹೆಣದ ಪೆಟ್ಟು. ಅದು ತನ್ನ ಜೊತೆಗೇ ಮುಗಿಯಲಿ ಎಂದು ಮಗಳ ಕಿವಿಗೂ ಬೀಳಗೊಟ್ಟಿರಲಿಲ್ಲ.

"ಕೊಡು ಇಲ್ಲಿ" ಎಂದು ಅವಳ ಕೈಯಿಂದ ಬಕೆಟ್ಟನ್ನು ಕಿತ್ತುಕೊಂಡ.

ಎಳೆಯುವವರಿಗೆ ಕಾಣಬೇಕಾದರೆ ದೋಣಿಯ ಹಿಂಬದಿಯ ಓರೆಗೆ, ನೀರಿನಲ್ಲೇ ನಿಲ್ಲಬೇಕು. ನಿಂತ. ಸಮುದ್ರ ಬೆನ್ನಿಗೆ ಬಂತು. ಅಲೆ ಬರುವುದು ಕಾಣದು, ಎದುರಿನವರ ಕಣ್ಣು ಅಗಲವಾದಾಗಲೇ ಗೊತ್ತಾಗುವುದು. ಮೊದಲ ಪೆಟ್ಟಿಗೆ ಕೈ ತಡವರಿಸಿತು. ಎರಡನೆಯದಕ್ಕೆ ಕೈಗೆ ನೆನಪಾಯಿತು. ಮಂಡಿಯವರೆಗೆ ಇದ್ದ ನೀರು ಸೊಂಟಕ್ಕೆ ಬಂದು ಕಾಲಡಿಯ ಮರಳನ್ನು ಕಿತ್ತುಕೊಂಡು ಹೋಯಿತು. ಯಮುನಾ ಹಿಂದಿನಿಂದ ಅವನ ಸೊಂಟದ ಪಂಚೆಯನ್ನು ಬಿಗಿಯಾಗಿ ಹಿಡಿದು ನಿಂತಳು.

ದಂಕು, ದಂಕು. ದಂ!

ತೂಕದ ಪೆಟ್ಟಿಗೆ ಇಡೀ ಹಗ್ಗ ಒಂದೇ ಮೈಯಂತೆ ಹಿಂದಕ್ಕೆ ಬಾಗಿತು. ದೋಣಿ ಒಂದು ಮೊಳ ಮೇಲೇರಿತು. ಮತ್ತೊಂದು ಮೊಳ. ಹಗ್ಗದ ತುದಿಯಲ್ಲಿ, ಎಲ್ಲರಿಗಿಂತ ಮುಂದೆ, ದೋಣಿ ಕಳೆದುಕೊಂಡ ಶೇಷಮ್ಮ ಬೇರೆಯವರ ದೋಣಿಗೆ ಹಲ್ಲು ಕಚ್ಚಿ ಎಳೆಯುತ್ತಿದ್ದಳು.

ಐದರಲ್ಲಿ ನಾಲ್ಕು ಮೇಲೆ ಬಂದವು. ಕೊನೆಯದನ್ನು ಹಗ್ಗ ಕಟ್ಟುವ ಮೊದಲೇ ನೀರು ತೆಗೆದುಕೊಂಡಿತು.

ಮರುದಿನ ಬೆಳಿಗ್ಗೆ ಮಳೆ ನಿಂತಿತ್ತು, ಗಾಳಿ ನಿಂತಿರಲಿಲ್ಲ. ವೆಂಕಟಸ್ವಾಮಿಗೆ ನಿದ್ದೆಯೂ ಬಂದಿರಲಿಲ್ಲ. ಚಿಕ್ಕಮುನಿಯಮ್ಮ ಫೋನು ಮಾಡಿ, "ಸಮುದ್ರ ಹೆಂಗಿತ್ತು?" ಎಂದು ಕೇಳಿದಳು.

"ನೋಡಕ್ಕಾಗ್ಲಿಲ್ಲ ಕಣೆ. ಬೆನ್ನು ಮಾಡಿ ನಿಂತಿದ್ದೆ."

"ಅಷ್ಟು ದೂರ ಹೋಗಿ? ನಿನ್ ಬುದ್ಧಿಗಿಷ್ಟು!"

ಶೇಷಮ್ಮ ಮರಳಿನಲ್ಲಿ ಕೂತಿದ್ದಳು. ಮುಂದೆ ಅವಳ ದೋಣಿಯ ಅರ್ಧ ಬಿದ್ದಿತ್ತು. ಇನ್ನರ್ಧ ಹಲಗೆ ಹಲಗೆಯಾಗಿ ದಡದುದ್ದಕ್ಕೂ ಚೆಲ್ಲಿತ್ತು. ವೆಂಕಟಸ್ವಾಮಿ ಹತ್ತಿರ ಹೋಗಿ ನಿಂತ.

"ತಪ್ಪು ತಿಳ್ಕೊಂಡ್ಬಿಟ್ಟೆ ಕಣಮ್ಮ. ಹೆಣಕ್ಕೆ ಕರೀತಾ ಇದ್ದೀರ ಅಂದ್ಕೊಂಡೆ."

"ಮಗಳು ಹೇಳ್ತ್" ಅಂದಳು ಶೇಷಮ್ಮ, ತಲೆ ಎತ್ತದೆ. ಆಮೇಲೆ ದೋಣಿಯನ್ನು ಗಲ್ಲದಿಂದ ತೋರಿಸಿದಳು. "ಈಗ ಹೊಡೀರಿ ಕಾಂಬ. ಇದು ಹೆಣವೇ."

ಅವಳು ಕುಟುಕಿದಳೋ, ನಿಜಕ್ಕೂ ಕೇಳಿದಳೋ. ವೆಂಕಟಸ್ವಾಮಿ ಕಾಲಿನಿಂದ ಮರಳು ಕೆದಕಿದ.

"ಹೆಣಕ್ಕೆ ಬಡಿಯಲ್ಲಮ್ಮ."

ಶೇಷಮ್ಮ ಮೂಗಿನಿಂದ ನಕ್ಕಳು. "ಹಂಗಾರೆ ಹಲಗೆ ಹೊರಿ. ಬಿಟ್ರೆ ನೀರ್ ತಕಂಡ್ ಹೋತ್ತ್."

ಹೊರುವುದು ಅವನಿಗೆ ಬರುತ್ತಿತ್ತು. ಒಂದೊಂದೇ ಹಲಗೆ ಆರಿಸಿ ಕ್ಯಾಂಟೀನಿನ ಹಿಂದಕ್ಕೆ ಸಾಗಿಸಿದ. ಎಲ್ಲ ಮುಗಿದ ಮೇಲೆ ದೋಣಿಯ ಆ ಅರ್ಧ ಉಳಿಯಿತು. ಮುಂದಿನ ತುದಿಗೆ ಅವನೂ ಶೇಷಮ್ಮನೂ, ಹಿಂದಿನ ತುದಿಗೆ ಯಮುನಾಳೂ ಕ್ಯಾಂಟೀನಿನವನೂ ಹೆಗಲು ಕೊಟ್ಟರು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಯಮುನಾಳ ಕಾಲು ತಪ್ಪಿ ಭಾರವೆಲ್ಲ ಒಂದೇ ಕಡೆಗೆ ವಾಲಿತು.

"ಹೆಜ್ಜೆ ನೋಡ್ಕೊಂಡ್ ಇಡೇ!"

"ಹೆಂಗಿಡೋದು, ಹೇಳು ಮತ್ತೆ!"

ವೆಂಕಟಸ್ವಾಮಿ ಹೆಗಲು ಬದಲಿಸಿದ. ಆಮೇಲೆ ತಿರುಗಿ ನೋಡದೆ, ತುಟಿಯೊಳಗೇ ಶುರುಮಾಡಿ ಗಾಳಿಗೆ ಕೇಳಿಸುವಷ್ಟು ದನಿ ಎತ್ತಿದ.

"ದಂಕು, ದಂಕು. ದಂ. ಇಲ್ಲಿ ಕಾಲು ಎತ್ತು. ದಂಕು, ದಂಕು. ದಂ."

ಹಿಂದಿನಿಂದ ಯಮುನಾ ಜೊತೆಗೂಡಿದಳು. ಮೊದಲೆರಡು ಸಲ ತಪ್ಪಿದಳು. ಮೂರನೆಯ ಸಲ ಅವನು ಬಾಯಿ ಮುಚ್ಚಿಕೊಂಡ, ಅವಳು ನಡೆಸಿದಳು.