ಕಂಡಕ್ಟರರ ಮನೆಯ ಪಿಯಾನೊ ಪಾಠ

ಯಾರೇ ಪಿಯಾನೊ ಕಲಿಯಲು ಬಂದರೂ ಮೊದಲ ದಿನ ನಾನು ಅದರ ಮುಚ್ಚಳ ತೆರೆಯುವುದಿಲ್ಲ. ಎದುರಿಗೆ ಕೂರಿಸಿಕೊಂಡು ಒಂದೇ ಮಾತು ಕೇಳುತ್ತೇನೆ, ಯಾಕೆ ಕಲಿಯಬೇಕು ಅನ್ನಿಸಿತು ಅಂತ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಒಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಪಾಠ ಶುರುವಾಗುವುದು ಆಮೇಲೆ.

ನಾನು ರಾಯಚೂರಿನಲ್ಲಿ ಕಲಿಯುವಾಗ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ನನ್ನ ಗುರುಗಳು ಕೆಟ್ಟವರಲ್ಲ, ಆದರೆ ಅವರಿಗೆ ಎಲ್ಲ ಮಕ್ಕಳ ಬೆರಳೂ ಒಂದೇ. ಆರು ವರ್ಷ ಏರುವ ಸ್ವರ, ಇಳಿಯುವ ಸ್ವರ, ಪುಸ್ತಕದ ಪಾಠ. ನನಗೆ ಬೇಕಾಗಿದ್ದದ್ದು ಅವ್ವ ಹೇಳುತ್ತಿದ್ದ ಬೀಸುವ ಪದ ಬಾರಿಸುವುದು. ಅಷ್ಟು ಹೇಳಲು ಬಾಯಿ ಬರಲಿಲ್ಲ. ಪರೀಕ್ಷೆ ಪಾಸಾದೆ, ಆಮೇಲೆ ಎರಡು ವರ್ಷ ಪಿಯಾನೊ ಮುಟ್ಟಲೇ ಇಲ್ಲ.

ಈಗ ನಾರಾಯಣಪೇಟೆಯ ನನ್ನ ಮನೆಯ ಪಡಸಾಲೆಯಲ್ಲಿ ಒಂದು ಹಳೆಯ ಪಿಯಾನೊ ಇದೆ. ಬೇಸಿಗೆ ಬಂದರೆ ಅದರ ಶ್ರುತಿ ಕೆಡುತ್ತದೆ, ಮಳೆ ಬಂದರೆ ಇನ್ನೊಂದು ಥರ ಕೆಡುತ್ತದೆ. ಅದರ ಮುಂದೆ ವಾರದಲ್ಲಿ ನಾಲ್ಕು ಸಂಜೆ ಮಕ್ಕಳು ಬರುತ್ತಾರೆ. ಗುರುವಾರ ನಾನೇ ಮಕ್ತಲ್‌ಗೆ ಹೋಗುತ್ತೇನೆ, ಶನಿವಾರ ಗದ್ವಾಲಕ್ಕೆ. ಅಲ್ಲಿ ಕಲಿಯುವವರ ಮನೆಯಲ್ಲಿ ಅವರವರದೇ ಕೀಬೋರ್ಡ್ ಇರುತ್ತದೆ. ಮಕ್ತಲ್‌ನ ಒಬ್ಬ ನರ್ಸಮ್ಮನಿಗೆ ಭಾನುವಾರದ ಪ್ರಾರ್ಥನೆಗೆ ಮೂರು ಹಾಡು ಬಂದರೆ ಸಾಕು. ಅವರಿಗೆ ನಾನು ಮೂರು ಹಾಡಷ್ಟೇ ಕಲಿಸುತ್ತಿದ್ದೇನೆ, ಒಂದೂವರೆ ವರ್ಷದಿಂದ. ನಮ್ಮ ಓಣಿಯ ಸೀರೆ ಅಂಗಡಿಯವರ ಮಗಳಿಗೆ ದೊಡ್ಡ ಪರೀಕ್ಷೆಗಳೇ ಬೇಕು. ಅವಳಿಗೆ ನನ್ನ ಗುರುಗಳಿಗಿಂತ ಕಟ್ಟುನಿಟ್ಟಾಗಿ ಪಾಠ ಹೇಳುತ್ತೇನೆ, ಯಾಕೆಂದರೆ ಅದು ಅವಳೇ ಕೇಳಿದ್ದು.

ಮೂರು ವರ್ಷದ ಹಿಂದೆ ಗದ್ವಾಲದಿಂದ ಒಬ್ಬರು ಫೋನು ಮಾಡಿದರು. ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಬಹಳ ವರ್ಷ ರಾಯಚೂರಿನ ದಾರಿಯಲ್ಲಿ ಊರು ಕೂಗುತ್ತ ದುಡಿದಿದ್ದರಿಂದ ಅವರ ದನಿ ಫೋನಿನಲ್ಲೂ ಬಸ್ಸಿನ ಹಿಂದಿನ ಸೀಟಿಗೆ ಕೇಳಿಸುವಷ್ಟು ದೊಡ್ಡದಾಗಿತ್ತು. ಮೊದಲ ಶನಿವಾರ ಹೋದಾಗ ಹೆಂಡತಿಯನ್ನು ಯಾವುದೋ ನೆಪದಲ್ಲಿ ಪಕ್ಕದ ಮನೆಗೆ ಕಳಿಸಿ, ನನ್ನ ಪ್ರಶ್ನೆಗೆ ಉತ್ತರ ಕೊಟ್ಟರು.

ಅವರ ಹೆಂಡತಿ ಮದುವೆಯಾದಾಗಿನಿಂದ ಸೋಮವಾರದ ಭಜನೆಯಲ್ಲಿ ಮುಂದಿನ ದನಿ. ವಚನ, ತತ್ವಪದ, ಯಾವುದನ್ನೂ ಕಾಗದ ನೋಡದೆ ಹಾಡುತ್ತಿದ್ದರಂತೆ. ನಾಲ್ಕು ವರ್ಷದ ಹಿಂದೆ ಕುತ್ತಿಗೆಯಲ್ಲಿ ಗಡ್ಡೆಯಾಗಿ ಆಪರೇಷನ್ ಆಯಿತು. ಜೀವಕ್ಕೆ ಏನೂ ಆಗಲಿಲ್ಲ, ದನಿ ಮಾತ್ರ ಕೆಳಗಿಳಿದು ಒರಟಾಯಿತು. ಭಜನೆಯ ಹಾರ್ಮೋನಿಯಂ ಕಪ್ಪು ನಾಲ್ಕರಲ್ಲಿ, ಅಂದರೆ ಬೆರಳೊತ್ತುವ ಕಪ್ಪು ಮನೆಗಳಲ್ಲಿ ನಾಲ್ಕನೆಯದನ್ನು ಷಡ್ಜ ಮಾಡಿಕೊಂಡು ನುಡಿಯುತ್ತಿತ್ತು. ಆ ಎತ್ತರಕ್ಕೆ ಅವರ ದನಿ ಹೋಗಲೊಲ್ಲದು. ಎರಡು ಸೋಮವಾರ ಬಾಯಿ ಆಡಿಸಿ ಕೂತರು, ಮೂರನೆಯದಕ್ಕೆ ಹೋಗಲಿಲ್ಲ.

"ನಾ ಕೆಳಗಿನ ಶ್ರುತಿಯಾಗ ಬಾರಿಸಿದ್ರ ಆಕಿ ಮನ್ಯಾಗರ ಹಾಡತಾಳ್ರಿ ಅಕ್ಕೋರ," ಎಂದರು. "ಆದ್ರ ಇದು ಆಕಿಗೆ ಗೊತ್ತಾಗಬಾರದು. ಗೊತ್ತಾದ್ರ ಬ್ಯಾಡ ಅಂತಾಳ."

ಹೊತ್ತು ಹೋಗಲಿ ಎಂದು ಕಲಿಯುತ್ತಿದ್ದೇನೆ ಅಂತ ಮನೆಯಲ್ಲಿ ಹೇಳಿದ್ದರಂತೆ. ನಾನು ಪುಸ್ತಕದಲ್ಲಿ ಬರೆದುಕೊಂಡೆ: ಹೆಂಡತಿ ಹಾಡಲಿ ಎಂದು.

ಶ್ರುತಿ ಗೊತ್ತಾಗದೆ ಪಾಠ ಮಾಡುವಂತಿರಲಿಲ್ಲ. ಹಾಡಿ ಎಂದು ಆಕೆಯನ್ನು ಕೇಳುವಂತೆಯೂ ಇರಲಿಲ್ಲ. ಎರಡನೆಯ ಶನಿವಾರ ಆಕೆ ಒಳಗೆ ರೊಟ್ಟಿ ತಟ್ಟುತ್ತಿದ್ದರು. ತಟ್ಟುವ ಸಪ್ಪಳದ ಕೆಳಗೆ ತಮಗೇ ಗೊತ್ತಿಲ್ಲದ ಹಾಗೆ ಏನೋ ಗುನುಗುತ್ತಿದ್ದರು. ನಾನು ಮಾತು ನಿಲ್ಲಿಸಿ ಕೀಬೋರ್ಡಿನ ಸದ್ದು ತೀರ ಸಣ್ಣದು ಮಾಡಿ ಒಂದೊಂದೇ ಮನೆ ಒತ್ತಿ ನೋಡಿದೆ. ಬಿಳಿ ಮೂರು. ಭಜನೆಯ ಶ್ರುತಿಗಿಂತ ನಾಲ್ಕು ಮನೆ ಕೆಳಗೆ. ಒರಟಾಗಿತ್ತು ನಿಜ, ಆದರೆ ಒಂದು ಸ್ವರವೂ ಜಾಗ ತಪ್ಪಿರಲಿಲ್ಲ.

ಕಂಡಕ್ಟರರಿಗೆ ನಾನು ಪಾಠದ ಪುಸ್ತಕ ತೋರಿಸಲಿಲ್ಲ. ಬೆರಳಿನ ಅಭ್ಯಾಸವನ್ನೂ ಅವರ ಹೆಂಡತಿಯ ಹಾಡುಗಳಿಂದಲೇ ತೆಗೆದೆ. ಮನೆಗಳ ಮೇಲೆ ಸಣ್ಣ ಅಂಕಿ ಅಂಟಿಸಿದೆ. ಅಂಕಿ ಅವರಿಗೆ ಚೆನ್ನಾಗಿ ಗೊತ್ತು. ಗೊತ್ತಾಗದೇ ಇದ್ದದ್ದು ಸ್ವರ. ಮೂರು ಒತ್ತುವಲ್ಲಿ ನಾಲ್ಕು ಒತ್ತಿದರೂ ಅವರ ಕಿವಿಗೆ ಏನೂ ಅನ್ನಿಸುತ್ತಿರಲಿಲ್ಲ. ಟಿಕೆಟ್ ಹರಿದು ಹರಿದು ಪಳಗಿದ ಹೆಬ್ಬೆರಳು ಬೇರೆ ಬೆರಳುಗಳಿಗೆ ಕೆಲಸವನ್ನೇ ಬಿಡುತ್ತಿರಲಿಲ್ಲ. ತಾಳವಂತೂ ಸ್ಟಾಪು ಬಂದಾಗ ನಿಲ್ಲುತ್ತಿತ್ತು, ಸ್ಟಾಪು ಬಿಟ್ಟಾಗ ಓಡುತ್ತಿತ್ತು. ಮೂರು ತಿಂಗಳಿಗೆ ಒಂದು ತತ್ವಪದದ ಅರ್ಧ ಬಂತು. ಆದರೂ ಒಂದು ಶನಿವಾರವೂ ತಪ್ಪಿಸಲಿಲ್ಲ ಅವರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಡ್ಯೂಟಿಗೆ ಹೊರಟವರ ಹಾಗೆ ಕೂತಿರುತ್ತಿದ್ದರು.

ಅಷ್ಟು ದಿನವೂ ಆಕೆ ಚಹಾ ತಂದಿಟ್ಟು, ಒಗ್ಗರಣೆ ಹಾಕಿದ ಮಂಡಾಳು, ಅಂದರೆ ಮಂಡಕ್ಕಿ, ತಂದಿಟ್ಟು ಒಳಗೆ ಹೋಗಿಬಿಡುತ್ತಿದ್ದರು. ಗಂಡ ತಪ್ಪು ಮನೆ ಒತ್ತಿದಾಗ ಒಳಗೆ ಪಾತ್ರೆಯ ಸಪ್ಪಳ ಒಂದು ಕ್ಷಣ ನಿಲ್ಲುತ್ತಿತ್ತು. ಅದನ್ನು ನಾನು ಗಮನಿಸಿದ್ದೆ, ಅರ್ಥ ಮಾಡಿಕೊಂಡಿರಲಿಲ್ಲ.

ಒಂದು ಶನಿವಾರ ನಾನು ಬರುತ್ತಿದ್ದ ಬಸ್ಸು ಜುರಾಲದ ಹತ್ತಿರ ಪಂಕ್ಚರ್ ಆಯಿತು. ಗದ್ವಾಲ ಮುಟ್ಟುವಾಗ ಒಂದು ತಾಸು ತಡ. ಬಾಗಿಲ ಹತ್ತಿರ ಬಂದರೆ ಒಳಗಿನಿಂದ ಅದೇ ಪದ ಕೇಳುತ್ತಿದೆ, ಅರ್ಧವಲ್ಲ, ಪೂರ್ತಿ. ತಾಳ ನೇರ, ಎಲ್ಲೂ ತಡೆಯಿಲ್ಲ. ಕಂಡಕ್ಟರರ ಮೇಲೆ ನನಗೆ ಎಂಥ ಅಭಿಮಾನ ಬಂತೆಂದರೆ, ಚಪ್ಪಲಿ ಬಿಡುತ್ತಲೇ ಹೊಗಳಲು ಶುರು ಮಾಡಿದೆ. ಒಳಗೆ ಕಾಲಿಟ್ಟೆ. ಕೀಬೋರ್ಡಿನ ಮುಂದೆ ಆಕೆ ಕೂತಿದ್ದರು.

ಗಂಡ ನನ್ನನ್ನು ಹುಡುಕಿಕೊಂಡು ಬಸ್ ಸ್ಟ್ಯಾಂಡಿಗೆ ಹೋಗಿದ್ದರು. ಆಕೆ ಸೆರಗು ಸರಿಮಾಡಿಕೊಂಡು ಎದ್ದು ನಿಂತರು. ಎಷ್ಟು ದಿನದಿಂದ ಎಂದು ಕೇಳಿದೆ. ಎರಡು ತಿಂಗಳಾಯಿತಂತೆ, ಗಂಡ ಬೆಳಿಗ್ಗೆ ಹೋಟೆಲಿಗೆ ಚಹಾ ಕುಡಿಯಲು ಹೋದಾಗ ಬಾರಿಸುವುದು, ಬರುವ ಸಪ್ಪಳವಾದರೆ ಬಟ್ಟೆ ಹೊದಿಸಿ ಒಳಗೆ ಹೋಗುವುದು. ಗಂಡನ ಗುಟ್ಟು ಅವರಿಗೆ ಮೊದಲ ವಾರದಲ್ಲೇ ತಿಳಿದಿತ್ತು.

"ನಾ ಹಾಡ್ಲಿ ಅಂತ ಅವ್ರಿಗೆ ಆಸಿ ಐತಿ," ಎಂದರು. "ನಂಗ ಹಾಡೂದು ಬ್ಯಾಡ್ರಿ ಅಕ್ಕೋರ. ಹಾಡಿದ್ರ ಹಳೆ ದನಿ ನೆನಪಾಗತೈತಿ. ಬಾರಿಸಿದ್ರ ಏನೂ ನೆನಪಾಗಂಗಿಲ್ಲ, ಪದ ಅಷ್ಟ ಇರತೈತಿ."

ಗಂಡನಿಗೆ ಹೇಳಬೇಡಿ ಎಂದು ಕೈ ಹಿಡಿದುಕೊಂಡರು. ಹೆಂಡತಿಗಾಗಿ ಆ ವಯಸ್ಸಿನಲ್ಲಿ ಬೆರಳು ನೋಯಿಸಿಕೊಳ್ಳುವವರಿಗೆ, ನನಗೆ ಅದು ಬೇಡ ಎಂದು ಹೇಗೆ ಹೇಳುವುದು ಅನ್ನುವುದು ಅವರ ಸಂಕಟ.

ಅಲ್ಲಿಂದ ಮೂರು ವಾರ ನನ್ನ ಪಾಡು ಹೇಳತೀರದು. ಒಂದೇ ಮನೆಯಲ್ಲಿ ಇಬ್ಬರು ಶಿಷ್ಯರು, ಇಬ್ಬರದೂ ಇನ್ನೊಬ್ಬರೆದುರು ಹೇಳಬಾರದ ಗುರಿ. ನಾರಾಯಣಪೇಟೆಗೆ ಮರಳುವ ಬಸ್ಸಿನಲ್ಲಿ ಕೂತು ಯೋಚಿಸುತ್ತಿದ್ದೆ. ಗಂಡನ ಪಾಠ ಮುಂದುವರಿಸಿದರೆ ಹೆಂಡತಿ ಎಂದೂ ಎದುರಿಗೆ ಕೂತು ಬಾರಿಸಲಾರರು. ನಿಲ್ಲಿಸಿದರೆ ಕೀಬೋರ್ಡು ಮೂಲೆ ಸೇರುತ್ತದೆ. ಇಬ್ಬರಿಗೂ ಕೊಟ್ಟ ಮಾತು ತಪ್ಪದೆ ನಾನು ಮಾಡಬಹುದಾದದ್ದು ಒಂದೇ ಅನ್ನಿಸಿತು. ಆಕೆ ಹೊರಗೆ ಬರುವ ಹಾಗೆ ಪಾಠ ಮಾಡುವುದು.

ನಾಲ್ಕನೆಯ ಶನಿವಾರ ಕಂಡಕ್ಟರರಿಗೆ, ಇವತ್ತು ಬೆರಳು ಬೇಡ, ಪದವನ್ನು ಬಾಯಲ್ಲಿ ಹೇಳಿ, ಬಾಯಿಗೆ ಬಂದದ್ದು ಕೈಗೆ ಬರುತ್ತದೆ ಎಂದೆ. ಅವರು ಸಂಕೋಚಪಡುತ್ತಾರೆ ಅಂದುಕೊಂಡಿದ್ದೆ. ಪಡಲಿಲ್ಲ. ಮೂವತ್ತು ವರ್ಷ ಕೇಳಿದ ಪದ, ಒಂದು ನುಡಿಯೂ ಮರೆತಿರಲಿಲ್ಲ. ಶಾಂತಿನಗರ, ಶಾಂತಿನಗರ ಎಂದು ಊರು ಕೂಗುವ ದನಿಯಲ್ಲಿ ಪೂರ್ತಿ ಪದ ಹೇಳಿದರು. ಸ್ವರ ಯಾವ ಊರಿನಲ್ಲಿತ್ತೋ ದೇವರೇ ಬಲ್ಲ. ಎರಡನೆಯ ನುಡಿಗೆ ಒಳಗಿನಿಂದ ನಗು ಕೇಳಿತು. ಮೂರನೆಯ ನುಡಿಗೆ ಆಕೆ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದು, ನಾನು ಬಿಟ್ಟುಕೊಟ್ಟ ಸ್ಟೂಲಿನ ಮೇಲೆ ಕೂತು, ಗಂಡ ತಪ್ಪಿದ ಸಾಲನ್ನು ಬಾರಿಸಿ ತೋರಿಸಿದರು. ಅವರು ಮತ್ತೆ ಹೇಳಿದರು, ಮತ್ತೆ ತಪ್ಪಿದರು, ಆಕೆ ಮತ್ತೆ ಬಾರಿಸಿದರು. ಆಗ ಅವರಿಗೆ ಹೊಳೆಯಿತು.

"ನೀ ಯಾವಾಗ ಕಲ್ತಿ?"

"ನೀವು ಚಾ ಕುಡ್ಯಾಕ ಹೋದಾಗ."

ಅವರು ಕೀಬೋರ್ಡಿಗೆ ಅಂಟಿಸಿದ ಅಂಕಿಗಳನ್ನು ನೋಡಿದರು. ಆಮೇಲೆ ಮೆಲ್ಲಗೆ, ಆ ದೊಡ್ಡ ದನಿ ಅಷ್ಟು ಸಣ್ಣದಾಗಬಲ್ಲದು ಎಂದು ನನಗೆ ಗೊತ್ತಿರಲಿಲ್ಲ, "ನಂಗ ನಿನ್ನ ಹಾಡು ಬೇಕಾಗಿತ್ತು," ಎಂದರು.

"ಆ ದನಿ ಬರಂಗಿಲ್ಲರೀ," ಎಂದರು ಆಕೆ. "ನಾ ಅದಕ್ಕ ಕಾಯೂದು ಬಿಟ್ಟು ಭಾಳ ದಿನ ಆತು. ನೀವೂ ಬಿಡ್ರಿ."

ಕಂಡಕ್ಟರರು ಎದ್ದು ಅಂಗಳಕ್ಕೆ ಹೋದರು. ನಾನು ದೊಡ್ಡ ತಪ್ಪು ಮಾಡಿದೆ ಅನ್ನಿಸಿ ಬ್ಯಾಗು ಎತ್ತಿಕೊಂಡೆ. ಆಕೆ ಮಾತ್ರ ಸ್ಟೂಲು ಬಿಟ್ಟು ಏಳಲಿಲ್ಲ. ನಲ್ಲಿಯ ನೀರಿನ ಸದ್ದಾಯಿತು. ಕಂಡಕ್ಟರರು ಮುಖ ತೊಳೆದುಕೊಂಡು, ಟವೆಲು ಹೆಗಲ ಮೇಲೆ ಹಾಕಿಕೊಂಡು ಬಂದರು. ನನ್ನ ಪುಸ್ತಕದಲ್ಲಿ ತಮ್ಮ ಹೆಸರು ಹೊಡೆದು ಹಾಕಿ ಆಕೆಯ ಹೆಸರು ಬರೆಯಲು ಹೇಳಿದರು. ನಾನು ಹೊಡೆದು ಹಾಕಲಿಲ್ಲ, ಕೆಳಗೆ ಆಕೆಯ ಹೆಸರು ಸೇರಿಸಿದೆ. ಯಾಕೆ ಕಲಿಯಬೇಕು ಎಂದು ಕೇಳಿದ್ದಕ್ಕೆ ಆಕೆ ಗಂಡನ ಮುಖ ನೋಡಿ, ಭಜನೆಗೆ ಮತ್ತೆ ಹೋಗಲಿಕ್ಕೆ ಎಂದರು.

ಅದು ಒಂದು ವರ್ಷ ತೆಗೆದುಕೊಂಡಿತು. ಬಿಳಿ ಮೂರರಲ್ಲಿ ಕಲಿತದ್ದನ್ನೆಲ್ಲ ಕಪ್ಪು ನಾಲ್ಕಕ್ಕೆ ಏರಿಸಬೇಕಾಗಿತ್ತು. ಒಂದು ಗುಂಡಿ ಒತ್ತಿದರೆ ಯಂತ್ರವೇ ಶ್ರುತಿ ಬದಲಿಸುತ್ತದೆ ಎಂದು ತೋರಿಸಿದೆ. ಆಕೆ ಒಪ್ಪಲಿಲ್ಲ, ಭಜನೆಯಲ್ಲಿ ಎಲ್ಲರ ಷಡ್ಜದ ಮನೆಯೂ ಎಲ್ಲಿದೆಯೋ ನನ್ನದೂ ಅಲ್ಲೇ ಇರಬೇಕು ಎಂದು ಪ್ರತಿ ಪದವನ್ನೂ ಹೊಸ ಬೆರಳಲ್ಲಿ ಕಲಿತರು. ಎಡಗೈಗೆ ಮೂರು ಸ್ವರ ಸೇರಿಸಿ ಹಿಡಿಯುವುದನ್ನು ನಾನು ಆಸೆಯಿಂದ ಹೇಳಿಕೊಟ್ಟೆ. ಒಮ್ಮೆ ಕೇಳಿ, ಚೆಂದ ಐತಿ, ಆದರೆ ನಮ್ಮ ಪದಕ್ಕೆ ಗದ್ದಲ ಆಗುತ್ತದೆ ಎಂದರು. ಅಲ್ಲಿಗೆ ಅದನ್ನು ಬಿಟ್ಟೆವು.

ಮಲ್ದಕಲ್‌ನಿಂದ ಬಂದು ಭಜನೆಗೆ ಹಾರ್ಮೋನಿಯಂ ಬಾರಿಸುವ ಅಜ್ಜನಿಗೆ ಮೊದಮೊದಲು ಈ ಕರೆಂಟಿನ ಪೆಟ್ಟಿಗೆ ಹಿಡಿಸಲಿಲ್ಲವಂತೆ. ಮೂರನೆಯ ಸೋಮವಾರ ಅವರೇ ಎರಡು ಪದ ಈಕೆಗೆ ಬಿಟ್ಟು ಕೈ ಕಟ್ಟಿ ಕೂತರಂತೆ. ಈಗ ಹಂಚಿಕೊಂಡು ಬಾರಿಸುತ್ತಾರೆ. ಕಂಡಕ್ಟರರು ಹಿಂದಿನ ಸಾಲಿನಲ್ಲಿ ಕೂತು ಹಾಡುತ್ತಾರೆ. ಗದ್ದಲದಲ್ಲಿ ಅವರ ಸ್ವರ ಯಾರಿಗೂ ತೊಂದರೆ ಕೊಡುವುದಿಲ್ಲ ಎಂದು ಆಕೆ ನನಗೆ ಭರವಸೆ ಕೊಟ್ಟಿದ್ದಾರೆ. ಒಂದು ಸೋಮವಾರ ನಾನೂ ಹೋಗಿದ್ದೆ. ಭರವಸೆ ಪೂರ್ತಿ ನಿಜವಲ್ಲ, ಆದರೆ ಯಾರಿಗೂ ಬೇಸರವಿರಲಿಲ್ಲ.

ಕಳೆದ ತಿಂಗಳು ಆಕೆ ಒಂದು ಹೊಸ ತಕರಾರು ತೆಗೆದರು. ಪದ ಹಾಡುವಾಗ ದನಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತದೆ, ಇಲ್ಲಿ ಮನೆಯಿಂದ ಮನೆಗೆ ಜಿಗಿಯುತ್ತದೆ, ಯಾಕೆ ಎಂದರು. ಪಿಯಾನೊದ ಗುಣವೇ ಅದು ಎಂದೆ. ಒಪ್ಪಲಿಲ್ಲ. ಕೀಬೋರ್ಡಿನ ಪಕ್ಕದಲ್ಲಿ ಸ್ವರ ಎಳೆಯುವ ಸಣ್ಣ ಗಾಲಿ ತೋರಿಸಿದೆ. ಎರಡು ಸಲ ತಿರುಗಿಸಿ ನೋಡಿ, "ಕುಡಿದವ್ರ ಹಂಗ ತೂಗಾಡತೈತಿ," ಎಂದು ಕೈ ತೆಗೆದರು. ಆಮೇಲೆ ತಮ್ಮಷ್ಟಕ್ಕೆ ತಾವೇ, ಮುಂದಿನ ಸ್ವರ ಮುಟ್ಟುವ ಮುಂಚೆ ನಡುವಿನ ಮನೆಯನ್ನು ಬೆರಳ ಪಕ್ಕದಿಂದ ಒರೆಸಿದ ಹಾಗೆ ಸವರಿ ನೋಡಿದರು. ಜಾರಿದ ಹಾಗೆಯೇ ಕೇಳಿತು. ಆರು ವರ್ಷದ ನನ್ನ ಪಾಠದಲ್ಲಿ ಅದನ್ನು ಯಾರೂ ನನಗೆ ಹಾಗೆ ಕಲಿಸಿರಲಿಲ್ಲ. ಇನ್ನೊಮ್ಮೆ ಮಾಡಿ ತೋರಿಸಿ ಎಂದೆ. ಪಕ್ಕದಲ್ಲಿ ಕೂತು, ಬೆರಳು ಎಷ್ಟು ವಾಲಿಸಬೇಕು ಎಂದು ಕೇಳಿ ಕೇಳಿ ಕಲಿತೆ. ಕೊನೆಯ ಬಸ್ಸಿಗೆ ಹೊತ್ತಾಯಿತು ಎಂದು ಕಂಡಕ್ಟರರು ಎರಡು ಸಲ ಕೂಗಿದ ಮೇಲೆ ಎದ್ದೆ.